ದಟ್ಟಗಳ್ಳಿಯ ಟೆರೇಸಿನ ಹದಿನಾಲ್ಕು ಕುಶನ್‌ಗಳು

2022ರ ನವೆಂಬರ್‌ನಲ್ಲಿ ನಾನು ಮೈಸೂರಿನ ಕೃಷ್ಣಮೂರ್ತಿಪುರಂನ ಒಂದು ಫರ್ನಿಷಿಂಗ್ ಅಂಗಡಿಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದೆ. ಕಟಿಂಗ್ ಮಾಸ್ಟರ್ ಎಂದರೆ ಅಳತೆ ತೆಗೆದು, ಬಟ್ಟೆ ಕತ್ತರಿಸಿ, ಹೊಲಿಯುವವರ ಕೈಗೆ ಕೊಡುವವನು. ಆದರೆ ಮೂವತ್ತೊಂದು ವರ್ಷ ಒಂದೇ ಅಂಗಡಿಯಲ್ಲಿ ಸವೆದವನಿಗೆ ಬಟ್ಟೆ ತೋರಿಸುವುದು, ಗಿರಾಕಿಯ ಮನೆಗೆ ಹೋಗುವುದು, ದೂರು ಬಂದರೆ ಸಮಾಧಾನ ಹೇಳುವುದು ಎಲ್ಲವೂ ಗಂಟುಬೀಳುತ್ತದೆ. ನಾನು ಓದಿದ್ದು ಎಸ್ಸೆಸ್ಸೆಲ್ಸಿ. ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿತ್ತು. ಕಸುಬಿನಲ್ಲಿ ಮಾಡಿದ ಒಳ್ಳೆಯ ಕೆಲಸಗಳನ್ನು ಹೇಳಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಇದು ಒಬ್ಬ ಹೆಂಗಸನ್ನು ಕೆಲಸದಿಂದ ತೆಗೆಸಿದ ಕತೆ. ತೆಗೆಸಿದವನು ನಾನು.

ಮೊದಲು ನಮ್ಮ ಊರಿನ ಚಳಿಗಾಲದ ಬಗ್ಗೆ ಎರಡು ಮಾತು. ಮೈಸೂರಿನ ಚಳಿಯಲ್ಲಿ ಹೀಟರ್ ಬೇಕಿಲ್ಲ, ಕಂಬಳಿಯೂ ಒಂದೇ ಸಾಕು. ಆದರೆ ನವೆಂಬರ್‌ನಿಂದ ಫೆಬ್ರವರಿವರೆಗೆ ಬೆಳಗಿನ ಜಾವ ಇಬ್ಬನಿ ಸುರಿಯುತ್ತದೆ. ತೆರೆದ ಟೆರೇಸಿನಲ್ಲಿ ಬಿಟ್ಟ ಸ್ಕೂಟರಿನ ಸೀಟನ್ನು ಏಳು ಗಂಟೆಗೆ ಒರೆಸಿದರೆ ಬಟ್ಟೆ ಹಿಂಡುವಷ್ಟು ಒದ್ದೆಯಾಗುತ್ತದೆ. ಹನ್ನೊಂದರ ಹೊತ್ತಿಗೆ ಬಿಸಿಲು ಬಣ್ಣ ಸುಲಿಯುವಂತೆ ಬೀಳುತ್ತದೆ. ಹೀಗಾಗಿ ಇಲ್ಲಿ ಮನೆಯ ಹೊರಗೆ ಹಾಕುವ ಕುಶನ್ ಮೂರು ಕೆಲಸ ಮಾಡಬೇಕು: ನೀರನ್ನು ಕೆಳಗೆ ಬಸಿಯಬೇಕು, ಗಾಳಿಯಾಡಬೇಕು, ಬಿಸಿಲಿಗೆ ಬಣ್ಣ ಬಿಡಬಾರದು. ನೂಲಾಗುವ ಮೊದಲೇ ಬಣ್ಣ ಬೆರೆಸಿದ ಅಕ್ರಿಲಿಕ್ ಬಟ್ಟೆ, ದೊಡ್ಡ ರಂಧ್ರಗಳ ಡ್ರೈ ಫೋಮ್, ತಳಕ್ಕೆ ಜಾಲರಿ ಬಟ್ಟೆ, ತೆಗೆದು ಒಗೆಯಲು ಜಿಪ್. ಇದಿಷ್ಟೇ ವಿದ್ಯೆ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಮಾಡಲಿಲ್ಲ ಎಂಬುದೇ ಈಗಲೂ ನನ್ನ ಮೈ ಉರಿಸುವ ಸಂಗತಿ.

ಆ ವರ್ಷ ನಮ್ಮ ಅಂಗಡಿಯ ಗೋಡೆಗೆ ‘ವಿಂಟರ್ ಕಲೆಕ್ಷನ್’ ಎಂಬ ಬೋರ್ಡು ಬಂದಿತ್ತು. ಉತ್ತರದ ಯಾವುದೋ ಊರಿನ ಕಾರ್ಖಾನೆ, ಬಾಗಿಲು ಹಾಕಿಕೊಂಡು ಹೀಟರ್ ಉರಿಸುವ ಮನೆಗಳಿಗಾಗಿ ನೇಯ್ದ ದಪ್ಪ ವೆಲ್ವೆಟ್ ಅದು. ಎರಡು ವರ್ಷದಿಂದ ಮೂಲೆಯಲ್ಲಿ ಬಿದ್ದಿದ್ದ ಬೇಲುಗಳು. ಕೈಯಿಟ್ಟರೆ ಬೆಕ್ಕಿನ ಬೆನ್ನು ಸವರಿದ ಹಾಗೆ. ಆ ಮೆದು ರೋಮಕ್ಕೇ ಇಬ್ಬನಿ ಮೊದಲು ಅಂಟುವುದು. ಮಾಲೀಕರು ನನ್ನನ್ನು ಕರೆದು, “ಸ್ವಾಮಿ, ಔಟ್‌ಡೋರ್ ಅಂತ ಯಾರೇ ಕೇಳ್ಲಿ, ಇದನ್ನೇ ತೋರ್ಸಿ. ಚಳಿಗಾಲ ಅಂದ್ರೆ ಜನಕ್ಕೆ ದಪ್ಪ ಬಟ್ಟೆ ಬೇಕು” ಎಂದರು. ನಾನು ತಲೆ ಆಡಿಸಿದೆ.

ಆ ವಾರವೇ ಬಂದವರು ಫಿಲೋಮಿನಾ ಮೇಡಂ. ಸರ್ಕಾರಿ ಆಸ್ಪತ್ರೆಯಲ್ಲಿ ನರ್ಸ್ ಆಗಿ ನಿವೃತ್ತರಾದವರು. ದಟ್ಟಗಳ್ಳಿಯ ತಮ್ಮ ಮನೆಯಲ್ಲಿ ವಯಸ್ಸಾದವರಿಗಾಗಿ ಹಗಲು ಹೊತ್ತಿನ ಒಂದು ಆರೈಕೆ ಜಾಗ ಶುರುಮಾಡಿದ್ದರು. ಏಳು ಮಂದಿ ಹಿರಿಯರು ಬೆಳಿಗ್ಗೆ ಎಂಟಕ್ಕೆ ಬಂದು, ಟೆರೇಸಿನಲ್ಲಿ ಎಳೆಬಿಸಿಲು ಕಾಯಿಸಿಕೊಂಡು, ಊಟ ಮಾಡಿ, ಸಂಜೆ ಮನೆಗೆ ಹೋಗುತ್ತಿದ್ದರು. ಏಳು ಬೆತ್ತದ ಕುರ್ಚಿಗಳಿಗೆ ಕೂರಲು ಏಳು, ಒರಗಲು ಏಳು, ಒಟ್ಟು ಹದಿನಾಲ್ಕು ಕುಶನ್ ಬೇಕಿತ್ತು.

“ತೆರೆದ ಟೆರೇಸು. ತೆಳ್ಳಗೆ ಹತ್ತಿ ಹಾಸು ಮಾಡಿಸಿ, ಸಾಯಂಕಾಲ ಸುತ್ತಿ ಒಳಗಿಟ್ರೆ ಸಾಕು ಅಂತ ನನ್ನ ಯೋಚನೆ. ನೀವೇನಂತೀರಿ ಸ್ವಾಮಿಯವರೇ?” ಎಂದು ಕೇಳಿದರು.

ಅವರ ಯೋಚನೆ ನೂರಕ್ಕೆ ನೂರು ಸರಿಯಾಗಿತ್ತು. ನಾನು ನಕ್ಕೆ. “ಆಸ್ಪತ್ರೆ ವಾರ್ಡಲ್ಲ ಮೇಡಂ ಇದು. ವಯಸ್ಸಾದೋರು, ಚಳಿಗಾಲ. ಬೆಚ್ಚಗಿರಬೇಕು. ಕೈಯಿಟ್ಟು ನೋಡಿ ಇದನ್ನ” ಎಂದು ಮರೂನ್ ಬಣ್ಣದ ವೆಲ್ವೆಟ್ ಬಿಡಿಸಿ ಹಾಕಿದೆ.

“ಮಂಜು ಬೀಳುತ್ತಲ್ರೀ?”

“ಏನೂ ಆಗಲ್ಲ. ನಾನಿದೀನಲ್ಲ.”

ಮೂವತ್ತೊಂದು ವರ್ಷದ ನರೆಗೂದಲು ನೋಡಿ ಆಕೆ ನಂಬಿದರು.

ಇನ್ನು ಹೊಲಿಗೆಯ ವಿಷಯ. ಕುಶನ್ ಕವರು ಫೋಮಿಗಿಂತ ಅರ್ಧ ಇಂಚು ಚಿಕ್ಕದಾಗಿರಬೇಕು, ಆಗಲೇ ಬಿಗಿಯಾಗಿ ಕೂರುವುದು. ಬಿಗಿ ಕವರಿನೊಳಗೆ ಫೋಮ್ ಸುಲಭವಾಗಿ ಜಾರುವುದಿಲ್ಲ. ವೆಲ್ವೆಟ್ಟಾದರಂತೂ ಒಳಮೈಯೇ ಹಿಡಿದು ನಿಲ್ಲಿಸುತ್ತದೆ. ಅದಕ್ಕೆ ನಮ್ಮಲ್ಲೊಂದು ರೂಢಿಯಿದೆ. ಫೋಮಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಒಳಗೆ ನುಸುಳಿಸುತ್ತೇವೆ. ನಾಲ್ಕೂ ಮೂಲೆ ಸರಿಯಾಗಿ ಕೂತ ಮೇಲೆ ಪ್ಲಾಸ್ಟಿಕ್ಕನ್ನು ಎಳೆದು ತೆಗೆಯಬೇಕು. ತೆಗೆಯುವಾಗ ಫೋಮ್ ಮತ್ತೆ ಸರಿಯುತ್ತದೆ, ಮತ್ತೆ ಕೂರಿಸಬೇಕು. ಒಂದೊಂದಕ್ಕೆ ಹತ್ತು ನಿಮಿಷ ಹೆಚ್ಚಿಗೆ ಹಿಡಿಯುತ್ತದೆ.

ಡೆಲಿವರಿಯ ದಿನ ಬೆಳಿಗ್ಗೆ ಹದಿನಾಲ್ಕೂ ಪ್ಲಾಸ್ಟಿಕ್ ಸಮೇತ ಹಾಗೇ ಬಿದ್ದಿದ್ದವು. ಪ್ಲಾಸ್ಟಿಕ್ ತೆಗೆಯುವುದು ಬೇಡ, ಹಾಗೇ ಬಾಯಿ ಹೊಲಿದುಬಿಡಿ ಎಂದು ಹೇಳಿದವನು ನಾನು. ಜಿಪ್ ಕೂಡ ಹಾಕಿಸಲಿಲ್ಲ. ಅಂಚಿಗೆ ಪೈಪಿಂಗ್ ಎಂದು ಕೊಡುವ ಉಬ್ಬು ಪಟ್ಟಿಯೊಳಗಿದ್ದದ್ದು ಹತ್ತಿಯ ದಾರ. ಫೋಮ್ ಕೂಡ ಒಳಮನೆಯ ಸೋಫಾಕ್ಕೆ ಹಾಕುವ ಮಾಮೂಲಿ ಫೋಮ್, ನಾಲ್ಕು ಇಂಚು ದಪ್ಪ; ಸುತ್ತಿ ಒಳಗಿಡಲಾಗದೆ ರಾತ್ರಿಯೂ ಟೆರೇಸಿನಲ್ಲೇ ಉಳಿಯುವಂಥದ್ದು. ಇದರ ಫಲವೇನು ಎಂದು ಓದುಗರಿಗೆ ತಿಳಿಸಬೇಕು. ಬತ್ತಿ ಎಣ್ಣೆ ಎಳೆಯುವಂತೆ ಪೈಪಿಂಗಿನ ದಾರ ಇಬ್ಬನಿಯನ್ನು ಎಳೆಯುತ್ತದೆ. ಸೂಜಿ ಹೊಕ್ಕ ತೂತುಗಳಿಂದ, ಪ್ಲಾಸ್ಟಿಕ್ಕಿನ ಮಡಿಕೆಗಳಿಂದ ನೀರು ಫೋಮಿಗೆ ಇಳಿಯುತ್ತದೆ. ಇಳಿದದ್ದು ಹೊರಗೆ ಬರುವ ದಾರಿಯಿಲ್ಲ. ಮೇಲಿನ ಬಟ್ಟೆ ಬಿಸಿಲಿಗೆ ಗರಿಗರಿ ಒಣಗಿದರೂ ಒಳಗೆ ಹಸಿ ಹಾಗೇ ಕೂತಿರುತ್ತದೆ.

ಕುಶನ್‌ಗಳನ್ನು ಇಳಿಸಿಕೊಂಡವರು ಪುಟ್ಟತಾಯಮ್ಮ. ಉದಯಗಿರಿಯಿಂದ ಎರಡು ಬಸ್ ಬದಲಿಸಿ ಬಂದು ಮೇಡಂ ಮನೆಯಲ್ಲಿ ಗುಡಿಸಿ ಒರೆಸುವ, ಹಿರಿಯರನ್ನು ಕೈಹಿಡಿದು ಕೂರಿಸುವ ಕೆಲಸ ಮಾಡುತ್ತಿದ್ದರು. ಐವತ್ತರ ಆಸುಪಾಸಿನ ಚುರುಕು ಹೆಂಗಸು. ಒಂದರ ಮೇಲೆ ಕೂತು ನೋಡಿ, ಎದ್ದು, ಮತ್ತೆ ಕೂತರು.

“ಇದೇನ್ ಸಾ, ಕುಂತ್ರೆ ಚಿಪ್ಸ್ ಪಾಕೀಟ್ನಂಗೆ ಚರಚರ ಅಂತದೆ?”

ಹಿರಿಯರೆಲ್ಲ ನಕ್ಕರು. ಮೇಡಂ ನನ್ನ ಮುಖ ನೋಡಿದರು. ಆ ಕ್ಷಣಕ್ಕೆ ನನ್ನ ನಾಲಿಗೆಗೆ ಒಂದು ಮಾತು ಹೊಳೆಯಿತು. “ವಾಟರ್‌ಪ್ರೂಫ್ ಲೈನಿಂಗ್ ಮೇಡಂ. ಡಬಲ್ ಪ್ರೊಟೆಕ್ಷನ್. ನಿಮಗೋಸ್ಕರ ಹಾಕಿಸಿದೀನಿ.” ಸೋಮಾರಿತನಕ್ಕೆ ನಾನೇ ಇಟ್ಟ ಹೆಸರು ಅದು. ಮಾಲೀಕರಿಗೆ ಹೇಳಿದಾಗ ಅವರಿಗೆ ಎಷ್ಟು ಹಿಡಿಸಿತೆಂದರೆ ಮುಂದಿನ ವಾರದಿಂದ ‘ವಾಟರ್‌ಪ್ರೂಫ್ ಲೈನಿಂಗ್’ ಎಂಬ ಆ ಎರಡು ಪದ ಬಿಲ್ಲಿನ ಮೇಲೂ ಬಂದವು.

ಕ್ರಿಸ್‌ಮಸ್‌ಗೆ ಒಂದು ವಾರವಿರುವಾಗ ಫೋನು ಬಂತು. ಕುಶನ್‌ಗಳು ಮುಗ್ಗಲು ವಾಸನೆ ಹೊಡೆಯುತ್ತಿವೆ, ಅಂಚಿನಲ್ಲಿ ಕಪ್ಪು ಚುಕ್ಕೆ ಎದ್ದಿದೆ ಎಂದು. ನಾನು ಹೋದೆ. ಹಿರಿಯರಲ್ಲಿ ನಂಜುಂಡಯ್ಯ ಎಂಬ ನಿವೃತ್ತ ಹೆಡ್‌ಮಾಸ್ಟರ್ ಇದ್ದರು. ಮೊದಲಿಂದಲೂ ಅವರಿಗೆ ಉಬ್ಬಸ. ಕೆಮ್ಮು ಜಾಸ್ತಿಯಾಗಿ ಮೂರು ದಿನ ಆಸ್ಪತ್ರೆಯಲ್ಲಿದ್ದು ಬಂದಿದ್ದರು. ಕೂರುವ ಜಾಗದಲ್ಲಿ ಎಲ್ಲಾದರೂ ಬೂಷ್ಟು ಇದೆಯೇ ನೋಡಿ ಎಂದು ಡಾಕ್ಟರು ಕೇಳಿದ್ದರಂತೆ.

ಕುಶನ್ ಕೈಗೆತ್ತಿಕೊಂಡೆ. ತೂಕದಲ್ಲೇ ತಿಳಿಯಿತು. ಒಣ ಫೋಮ್ ಅಷ್ಟು ಭಾರವಿರುವುದಿಲ್ಲ. ಒತ್ತಿದಾಗ ಒಳಗೆ ನೀರು ಸರಿದದ್ದು ಬೆರಳಿಗೆ ಗೊತ್ತಾಯಿತು. ಏನಾಗಿದೆ, ಯಾಕಾಗಿದೆ, ಯಾರಿಂದಾಗಿದೆ ಎಲ್ಲವೂ ಆ ಒಂದು ಒತ್ತಿನಲ್ಲಿ ಗೊತ್ತಾಯಿತು. ನಮ್ಮ ಕಸುಬಿನಲ್ಲಿ ಯಾವ ದೂರಿಗೂ ಒಂದು ಸಿದ್ಧ ಉತ್ತರವಿದೆ. ಅದನ್ನೇ ಹೇಳಿದೆ.

“ಮೆಂಟೆನೆನ್ಸ್ ಸರಿಯಿಲ್ಲ ಮೇಡಂ. ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಿಸದೆ ಹಾಗೇ ಬಿಟ್ಟಿದಾರೆ. ಕೆಲಸದೋರಿಗೆ ಶುಚಿ ಅನ್ನೋದು ಗೊತ್ತಾಗಬೇಕಲ್ಲ.”

ಪುಟ್ಟತಾಯಮ್ಮ ಪೊರಕೆ ಕೆಳಗಿಟ್ಟು ಬಂದರು. “ನಾನು ದಿನಾ ಬಿಸ್ಲಿಗೆ ನಿಲ್ಸಿವ್ನಿ ಸಾ. ಆ ಕಡೆ ಒಂದ್ಸಲ, ಈ ಕಡೆ ಒಂದ್ಸಲ ತಿರುವ್ ಹಾಕಿವ್ನಿ. ಮೇಷ್ಟ್ರನ್ನೇ ಕೇಳಿ.”

“ಹೌದು, ನಾನು ನೋಡಿದೀನಿ” ಎಂದು ನಂಜುಂಡಯ್ಯನವರು ಕೆಮ್ಮಿನ ನಡುವೆ ಹೇಳಿದರು.

“ನೋಡಿರ್ತೀರಿ ಸಾರ್. ಮಧ್ಯಾಹ್ನ ನೀವು ಮಲಗಿದಾಗ ಏನು ನಡೆಯುತ್ತೆ ಅಂತ ಯಾರಿಗೆ ಗೊತ್ತು?” ಎಂದೆ.

ಎಂಥ ಮಾತು ಅದು!

“ಅಂಗಾರೆ ಬಿಚ್ಬುಡಿ ಸಾ ಒಂದ” ಎಂದರು ಪುಟ್ಟತಾಯಮ್ಮ. “ಒಳಗೆ ಏನದೆ ಅಂತ ಎಲ್ರೂ ನೋಡ್ಬುಡವ.”

“ಬಿಚ್ಚಿದ್ರೆ ವಾರಂಟಿ ಹೋಗುತ್ತೆ.”

ಮೇಡಂ ಆಸ್ಪತ್ರೆಯ ಶಿಸ್ತಿನಲ್ಲಿ ಬೆಳೆದವರು. ರೋಗಿ ಕೂರುವ ಜಾಗದಲ್ಲಿ ಕೊಳಕು ಎಂದರೆ ಅವರಿಗೆ ಸಹಿಸುವ ವಿಷಯವಲ್ಲ. ಅದೂ ಒಬ್ಬರು ಆಸ್ಪತ್ರೆ ಸೇರಿ ಬಂದ ಮೇಲೆ. ಅವರು ಪುಟ್ಟತಾಯಮ್ಮನ ಕಡೆ ನೋಡಿದ ನೋಟವನ್ನು ನಾನು ನೋಡಿದೆ. ಬ್ಯಾಗು ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದೆ.

ಸಂಕ್ರಾಂತಿ ಮುಗಿದ ವಾರ ಮಾಲೀಕರು ಮತ್ತೆ ಅಲ್ಲಿಗೇ ಕಳಿಸಿದರು. ಆ ಕುಶನ್‌ಗಳ ಮೇಲೆಯೇ ಇನ್ನೊಂದು ಕವರ್ ಹೊಲಿದು ಮಾರುವ ಯೋಜನೆ. “ವಾಸನೆ ಮುಚ್ಚುತ್ತೆ, ನಮ್ಮ ಬಟ್ಟೆನೂ ಹೋಗುತ್ತೆ” ಎಂದಿದ್ದರು. ಅಳತೆಪಟ್ಟಿ ಹಿಡಿದು ಮೇಲೆ ಹೋದರೆ ಬೇರೊಬ್ಬ ಹೆಂಗಸು ಕುಶನ್‌ಗಳನ್ನು ಬಿಸಿಲಿಗೆ ಜೋಡಿಸುತ್ತಿದ್ದಳು. ನಂಜುಂಡಯ್ಯನವರ ಕುರ್ಚಿ ಖಾಲಿಯಿತ್ತು. ಮತ್ತೆ ಆಸ್ಪತ್ರೆ.

“ಪುಟ್ಟತಾಯಮ್ಮ ಎಲ್ಲಿ ಮೇಡಂ?” ಎಂದು ಕೇಳಿದೆ.

“ಅವತ್ತೇ ಬಿಡಿಸಿದೆ. ನೀವೇ ಹೇಳಿದ್ರಲ್ಲ. ಅಳ್ತಾ ಹೋದ್ಲು, ಪಾಪ.” ಆಮೇಲೆ ದನಿ ತಗ್ಗಿಸಿ, ಹೊಸಬಳ ಕಡೆ ಕಣ್ಣು ತೋರಿಸಿ, “ಇವಳೂ ಸರಿಯಾಗಿ ಒಣಗಿಸ್ತಿಲ್ಲ ಅನ್ಸುತ್ತೆ ಸ್ವಾಮಿಯವರೇ. ವಾಸನೆ ಹೋಗೇ ಇಲ್ಲ. ಈ ತಿಂಗಳು ನೋಡಿ ಇವಳನ್ನೂ ಬದಲಾಯಿಸ್ತೀನಿ” ಎಂದರು.

ಆ ಹೆಂಗಸು ನನ್ನ ಎದುರಿಗೇ ಒಂದೊಂದು ಕುಶನ್ನನ್ನೂ ಎತ್ತಿ, ಬಡಿದು, ತಿರುಗಿಸಿ, ಬಿಸಿಲಿಗೆ ಮುಖ ಮಾಡಿ ನಿಲ್ಲಿಸುತ್ತಿದ್ದಳು. ಎಷ್ಟು ಬಡಿದರೇನು, ನೀರಿದ್ದದ್ದು ಪ್ಲಾಸ್ಟಿಕ್ಕಿನೊಳಗೆ. ಅವಳಾದ ಮೇಲೆ ಇನ್ನೊಬ್ಬಳು ಬರುತ್ತಾಳೆ. ನಂಜುಂಡಯ್ಯ ಕೆಮ್ಮುತ್ತಲೇ ಇರುತ್ತಾರೆ. ನಾನು ಮಾತ್ರ ಹಾರ ಹಾಕಿಸಿಕೊಂಡು ನಿವೃತ್ತನಾಗುತ್ತೇನೆ. ಅಳತೆ ತೆಗೆಯದೆ ಕೆಳಗಿಳಿದೆ.

ಮಾಲೀಕರಿಗೆ ಹೇಳಿದೆ, ನಮ್ಮ ತಪ್ಪಿಗೆ ಒಬ್ಬ ಹೆಂಗಸಿನ ಕೆಲಸ ಹೋಯಿತು, ಹದಿನಾಲ್ಕೂ ವಾಪಸ್ ತಂದು ಹೊಸದಾಗಿ ಮಾಡಿಕೊಡೋಣ ಎಂದು. ಅವರು ಮೊಬೈಲಿನಿಂದ ಕಣ್ಣೆತ್ತಲಿಲ್ಲ. “ಏನ್ರೀ ಸ್ವಾಮಿ, ಹೋಗೋ ಕಾಲಕ್ಕೆ ಸತ್ಯಹರಿಶ್ಚಂದ್ರ ಆಗೋಕ್ ಹೊರಟ್ರಿ? ಯಾವಳೋ ಕೆಲ್ಸದೋಳು, ಇಲ್ಲಿ ಬಿಟ್ರೆ ಇನ್ನೊಂದ್ ಮನೆ.” ನನಗೆ ರೋಷ ಬಂತು. ಆದರೆ ಆ ರೋಷದ ಅರ್ಧ ಅವರ ಮೇಲಾದರೆ ಇನ್ನರ್ಧ ನನ್ನ ಮೇಲೆಯೇ. ಅವರು ಆಡಿದ್ದು, ಒಂದು ತಿಂಗಳಿಂದ ನಾನು ಮನಸ್ಸಿನಲ್ಲೇ ಹೇಳಿಕೊಂಡು ನೆಮ್ಮದಿಯಾಗಿದ್ದ ಮಾತು.

ಹೊಸಬಳೂ ಉದಯಗಿರಿಯವಳೇ; ಅವಳ ಹತ್ತಿರ ವಿಳಾಸ ತಿಳಿದುಕೊಂಡು ಅಲ್ಲಿಗೆ ಹೋದೆ. ಮೆಕ್ಯಾನಿಕ್ ಅಂಗಡಿಗಳ ಸಾಲಿನ ಹಿಂದೆ ಒಂದೇ ಕೋಣೆಯ ಮನೆ. ಪುಟ್ಟತಾಯಮ್ಮ ಬಾಗಿಲಲ್ಲಿ ಕೂತು ಊದುಬತ್ತಿ ಹೊಸೆಯುತ್ತಿದ್ದರು. ಎರಡೂ ಅಂಗೈ ಮಸಿಯ ಹಿಟ್ಟಿನಿಂದ ಕಪ್ಪಾಗಿದ್ದವು. ನನ್ನನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

“ಕುಂತ್ಕಳಿ ಅನ್ನಕ್ಕೆ ನಮ್ಮನೇಲಿ ಕುಶನ್ ಇಲ್ಲ ಸಾ.”

ನಿಂತೇ ಹೇಳಿದೆ. ಪ್ಲಾಸ್ಟಿಕ್ ಬಿಟ್ಟದ್ದು, ಜಿಪ್ ಹಾಕದ್ದು, ಗೊತ್ತಿದ್ದೂ ಅವರ ಮೇಲೆ ಹೊರಿಸಿದ್ದು, ಏನೂ ಬಿಡಲಿಲ್ಲ.

“ಅಂಗಾರೆ ನಾನು ಬಿಚ್ಚಿ ಅಂದಾಗ್ಲೇ ಗೊತ್ತಿತ್ತು ನಿಮ್ಗೆ?”

“ಗೊತ್ತಿತ್ತು ಕಣಮ್ಮ.”

ಅವರು ಒಂದು ಬತ್ತಿ ಹೊಸೆದು ಮುಗಿಸಿ ತಟ್ಟೆಗೆ ಹಾಕಿದರು. “ಈ ಬೀದೀಲಿ ಏನಂತಾರೆ ಗೊತ್ತಾ? ಗಲೀಜು ಅಂತ ಕೆಲ್ಸದಿಂದ ಓಡ್ಸವ್ರೆ ಅಂತಾರೆ. ಕದ್ಲು ಅಂದಿದ್ರೂ ಇಷ್ಟ್ ನೋಯ್ತಿರ್ಲಿಲ್ಲ ಸಾ. ಇಪ್ಪತ್ತು ವರ್ಸ ಒರೆಸಿ ಒರೆಸಿ ತಿಂದಿರೋ ಅನ್ನ ಇದು.”

“ತಪ್ಪಾಯ್ತಮ್ಮ. ಕ್ಷಮಿಸ್ಬುಡಿ.”

“ಇಲ್ ಬಂದು ನನ್ ಕಿವೀಲಿ ಏಳ್ಬುಟ್ರೆ ಏನ್ ಬಂತು? ನೀವ್ ಅಂದಿದ್ದು ಅಲ್ಲಿ, ಅಷ್ಟೂ ಜನದ ಮುಂದೆ. ಅಲ್ಲೇ ಏಳಿ. ಬಾಯಲ್ಲಿ ಬ್ಯಾಡ. ಬಿಚ್ಚಿ ತೋರ್ಸಿ.”

ಮುಂದಿನ ಸೋಮವಾರದ ಹೊತ್ತಿಗೆ ನಂಜುಂಡಯ್ಯನವರು ವಾಪಸ್ ಬಂದಿದ್ದರು. ಅವರಿಲ್ಲದೆ ಹೇಳಿದ್ದರೆ ಅದು ಅರ್ಧ ಮಾತಾಗುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಪುಟ್ಟತಾಯಮ್ಮನನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಮೇಡಂ ಬಾಗಿಲಲ್ಲಿ ಆಕೆಯನ್ನು ನೋಡಿ ಹುಬ್ಬು ಗಂಟಿಕ್ಕಿದರು. ನಾನು ನಿಲ್ಲದೆ ಮೇಲೆ ಹೋದೆ. ಏಳೂ ಜನ ಬಿಸಿಲಿಗೆ ಬೆನ್ನು ಕೊಟ್ಟು ಕೂತಿದ್ದರು.

ನೆಲದ ಮೇಲೆ ಕೂತು, ಒಂದು ಕುಶನ್ ತೊಡೆಯ ಮೇಲಿಟ್ಟುಕೊಂಡು, ಹೊಲಿಗೆ ಬಿಚ್ಚುವ ಬ್ಲೇಡು ಹಾಕಿದೆ. ನಾಲ್ಕು ಇಂಚು ಬಿಚ್ಚುವಷ್ಟರಲ್ಲಿ ವಾಸನೆ ಎದ್ದಿತು. ಪೂರ್ತಿ ಬಿಚ್ಚಿ ಪ್ಲಾಸ್ಟಿಕ್ ಹೊರಗೆಳೆದೆ. ಅದರ ಒಳಮೈಗೆ ಬೆವರಿನಂತೆ ಹನಿ ಕಟ್ಟಿತ್ತು. ಫೋಮಿನ ಮೂಲೆ ಹಿಂಡಿದಾಗ ಕಂದು ನೀರು ಸಿಮೆಂಟಿನ ಮೇಲೆ ಸುರಿಯಿತು. ಫೋಮಿನ ಮೈತುಂಬ ಹಸಿರು-ಕಪ್ಪು ಬೂಷ್ಟು.

“ಇದು ಲೈನಿಂಗ್ ಅಲ್ಲ” ಎಂದೆ. “ಫೋಮ್ ತೂರಿಸೋಕೆ ಹಾಕೋ ಪ್ಲಾಸ್ಟಿಕ್. ತೆಗೀಬೇಕಿತ್ತು. ಸೋಮಾರಿತನಕ್ಕೆ ತೆಗೀಲಿಲ್ಲ. ಇದನ್ನ ಯಾರು ಎಷ್ಟು ಒಣಗಿಸಿದ್ರೂ ಒಣಗಲ್ಲ. ಅವತ್ತು ಕೈಗೆ ತಗೊಂಡ ತಕ್ಷಣ ನನಗೆ ಗೊತ್ತಾಗಿತ್ತು. ಈಕೆ ತಪ್ಪು ಅಂತ ಹೇಳಿದ್ದು ಸುಳ್ಳು.”

ನಂಜುಂಡಯ್ಯನವರು ಊರುಗೋಲು ನೆಲಕ್ಕೆ ತಟ್ಟಿ, “ನನ್ನ ಕ್ಲಾಸಲ್ಲಿದ್ದಿದ್ರೆ ನಿಮ್ಮನ್ನ ಬೆಂಚಿನ ಮೇಲೆ ನಿಲ್ಲಿಸ್ತಿದ್ದೆ ಕಣ್ರೀ. ಈಗ ನೋಡಿದ್ರೆ ನಿಮ್ಮ ಕುಶನ್ ಮೇಲೆ ಕೂರಿಸೋದೇ ದೊಡ್ಡ ಶಿಕ್ಷೆ” ಎಂದರು. ಯಾರೋ ನಕ್ಕರು. ಅವರು ನಗಲಿಲ್ಲ. “ನಾನು ನೋಡಿದೀನಿ ಅಂತ ಹೇಳಿದೆ. ಮಲಗಿದ್ರಿ ಅಂದ್ರಿ ನನಗೆ.”

ಮೇಡಂ ಮೆಟ್ಟಿಲ ಬಾಗಿಲಲ್ಲೇ ನಿಂತಿದ್ದರು. ಬಂದು ಆ ಫೋಮನ್ನು ಮುಟ್ಟಿ, ಬೆರಳು ಮೂಸಿ, ಪುಟ್ಟತಾಯಮ್ಮನ ಕೈ ಹಿಡಿದುಕೊಂಡರು. “ಬಿಚ್ಚಿ ಅಂತ ನೀನು ಕೇಳ್ದೆ. ನಾನಾದ್ರೂ ಬಿಚ್ಚಿಸಬೇಕಿತ್ತು ಪುಟ್ಟತಾಯಿ. ನಲವತ್ತು ವರ್ಷ ನರ್ಸಾಗಿದ್ದು, ನೋಡದೆ ರೋಗ ಹೇಳ್ಬಿಟ್ಟೆ. ನಾಳೆಯಿಂದ ಬಾ.”

“ಬತ್ತೀನಿ ಸಿಸ್ಟರಮ್ಮ. ಆದ್ರೆ ಈ ಹುಡುಗೀನ ಬಿಡಿಸ್ಬ್ಯಾಡಿ. ಅವ್ಳೂ ನನ್ನಂಗೇ ತಿರುವ್ ಹಾಕವ್ಳೆ.”

ಇಷ್ಟಾಯಿತಲ್ಲ, ಎದೆ ಹಗುರಾಯಿತಲ್ಲ ಎಂದು ನಾನು ಮಂಡಿಯ ಮೇಲೆ ಕೈಯೂರಿ ಎದ್ದೆ. ಪುಟ್ಟತಾಯಮ್ಮ ನನ್ನ ಮುಂದೆ ಇನ್ನೊಂದು ಕುಶನ್ ತಂದಿಟ್ಟರು.

“ಇನ್ನೂ ಹದಿಮೂರವೆ ಸಾ.”

ಮತ್ತೆ ಕೂತೆ. ಮಧ್ಯಾಹ್ನದವರೆಗೂ ಬಿಚ್ಚಿದೆ. ಮುಂದಿನ ಹದಿನೈದು ದಿನದಲ್ಲಿ ಬೇರೆ ಕಡೆಯಿಂದ ಡ್ರೈ ಫೋಮ್ ಮತ್ತು ಒಳ್ಳೆಯ ಅಕ್ರಿಲಿಕ್ ತಂದು ನನ್ನ ಮನೆಯ ಮಿಷಿನ್ನಿನಲ್ಲೇ ಹೊಲಿದುಕೊಟ್ಟೆ, ತಳಕ್ಕೆ ಜಾಲರಿ, ಬದಿಗೆ ಜಿಪ್. ಅಂಗಡಿಗೆ ನಾನು ಮತ್ತೆ ಹೋಗಲಿಲ್ಲ. ಬಿಲ್ಲಿನ ಮೇಲೆ ಆ ಎರಡು ಪದ ಈಗಲೂ ಇವೆ ಎಂದು ಕೇಳಿದ್ದೇನೆ. ನಾನು ಹುಟ್ಟಿಸಿದ ಸುಳ್ಳು ನಾನಿಲ್ಲದೆಯೂ ಚೆನ್ನಾಗಿ ವ್ಯಾಪಾರ ಮಾಡುತ್ತಿದೆ.

ಚಳಿಗಾಲದಲ್ಲಿ ಟೆರೇಸಿಗೋ ಜಗುಲಿಗೋ ಕುಶನ್ ಮಾಡಿಸುವವರು ಬಣ್ಣ ಆಮೇಲೆ ನೋಡಿ, ಜಿಪ್ ಎಲ್ಲಿದೆ ಎಂದು ಮೊದಲು ಕೇಳಿ. ಅಂಗಡಿಯವನು ಜಿಪ್ ಬೇಡ ಎಂದರೆ ಎದ್ದು ಬನ್ನಿ. ಕಸುಬುದಾರರಿಗೆ ಹೇಳುವುದು ಇನ್ನೊಂದಿದೆ. ನಮ್ಮ ಕೆಲಸದಲ್ಲಿ ತಪ್ಪಾದಾಗ ಅದನ್ನು ಹೊರಿಸಲು ಸುಲಭವಾಗಿ ಸಿಗುವವರು ಆ ಮನೆಯಲ್ಲಿ ಗುಡಿಸುವವರು. ಅವರ ಮಾತಿಗೆ ಬಿಲ್ಲಿಲ್ಲ, ವಾರಂಟಿಯಿಲ್ಲ. ಆದ್ದರಿಂದ ದೂರು ಬಂದ ಕಡೆ ಬಾಯಿ ತೆರೆಯುವ ಮುಂಚೆ ಹೊಲಿಗೆ ತೆರೆಯಬೇಕು. ಇದನ್ನು ಕಲಿಯಲು ನನಗೆ ಮೂವತ್ತೊಂದು ವರ್ಷ ಬೇಕಾಯಿತು. ಕಲಿತ ಖರ್ಚು ಇನ್ನೊಬ್ಬರದು.

ಟೆರೇಸಿನ ಏಳು ಜನಕ್ಕೆ ನಿಜ ಗೊತ್ತಾಯಿತು. ಉದಯಗಿರಿಯ ಆ ಬೀದಿಗೆ ಹೋಗಿ ಮನೆಮನೆಗೆ ಹೇಳುವಷ್ಟು ಧೈರ್ಯ ನನಗೆ ಅಂದೂ ಇರಲಿಲ್ಲ, ಇಂದೂ ಇಲ್ಲ. ಅಲ್ಲಿ ಯಾರಾದರೂ ಇದನ್ನು ಓದಿದರೆ ಅಕ್ಕಪಕ್ಕದವರಿಗೆ ಓದಿ ಹೇಳಿ: ಪುಟ್ಟತಾಯಮ್ಮನ ಕೆಲಸದಲ್ಲಿ ಕೊಳಕಿರಲಿಲ್ಲ.